ಹಿರಿಯರಿಗಾಗಿ ಪ್ರಾರ್ಥಿಸಿರಿ

ಅವರ ಬೆರಳುಗಳು ಮೊಬೈಲಿನ ಗಾಜನ್ನು ಮುಟ್ಟುತ್ತಿರಲಿಲ್ಲ, ಕುಟ್ಟುತ್ತಿದ್ದವು. ಚಳ್ಳಕೆರೆಯಲ್ಲಿ ಬಹುಕಾಲ ಟೈಪಿಂಗ್ ಕಲಿಸಿದ ಕೈ. ಕಿರುಬೆರಳು ಹೊರಕ್ಕೆ ಬಾಗಿ, ಗೆಣ್ಣುಗಳು ಉಬ್ಬಿದ್ದವು. ನನಗೂ ಕನ್ನಡ ಟೈಪಿಂಗ್ ಕಲಿಸಿದ ಟೀಚರ್ ಅವರು. ನಾನು ವರದಿಗಾರನಾದ ಮೇಲೂ ಬಿಡಲಿಲ್ಲ. "ಲೇ ತಮ್ಮ, 'ಅಮಾನುಷ' ಅಂತ ಯಾಕ್ ಬರ್ದೀಯ? ಏನು ಮಾಡಿದ ಅನ್ನೋದು ಬರಿ. ಬೈದ್ರೆ ಅವ್ನು ತಪ್ಪಿಸ್ಕಂತಾನೆ" ಎನ್ನುತ್ತಿದ್ದರು.

ಅವರ ಚರ್ಚಿಗೊಂದು ವೆಬ್‌ಸೈಟ್ ಇತ್ತು. ತೆರೆದರೆ ಸಭೆಯ ಆಡಳಿತ ನಡೆಸುವ ಹಿರಿಯರೊಬ್ಬರ ನಗುಮುಖ, ಕೆಳಗೆ ಅವರದೇ ಸಂದೇಶ. ಟೀಚರ್ ಅದನ್ನು ವಹಿಸಿಕೊಂಡರು. "ಈ ಮುಖ ನೋಡಾಕೆ ಯಾರು ಬರ್ತಾರೆ? ಆರಾಧನೆ ಎಷ್ಟೊತ್ತಿಗೆ, ದಾರಿ ಯಾವ್ದು, ಯಾರಿಗೆ ಹುಷಾರಿಲ್ಲ, ಅದು ಬೇಕು ಜನಕ್ಕೆ." ಆರಾಧನೆ ನೇರಪ್ರಸಾರವಾಯಿತು. ಪ್ರಾರ್ಥನೆಯ ಕೋರಿಕೆಗಳಿಗೊಂದು ಪುಟ ಬಂತು. ಹೈದರಾಬಾದ್, ದುಬೈ ಸೇರಿದ್ದ ಊರಿನವರು ಅಲ್ಲೇ 'ಆಮೆನ್' ಬರೆಯತೊಡಗಿದರು. ಒಮ್ಮೆ ತಮ್ಮ ತಾಯಿಯ ಕಾಯಿಲೆಯ ಕೋರಿಕೆ ಬಿಟ್ಟುಹೋಯಿತೆಂದು ಹಿರಿಯರು ಸಿಟ್ಟಾಗಿ, ಪುಟಕ್ಕೆ ಬಂದ ಎಲ್ಲ ಕೋರಿಕೆಗಳನ್ನೂ ಆರಾಧನೆ ನಡೆಸುವ ಸಭಾಪಾಲಕರು ಗಟ್ಟಿಯಾಗಿ ಓದಲೇಬೇಕೆಂದು ಚರ್ಚಿನ ಕಮಿಟಿಯಲ್ಲಿ ನಿಯಮ ಮಾಡಿಸಿದರು.

ಟೀಚರ್‌ಗೆ ಒಬ್ಬಳೇ ತಂಗಿ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಹಿಂದೂ ಮನೆಗೆ ಮದುವೆಯಾಗಿ ಹೋಗಿದ್ದಳು. ಗಂಡ ತೀರಿದ ಮೇಲೆ ಅಕ್ಕನಲ್ಲಿಗೆ ಬಂದು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಅವಳು ಸತ್ತಾಗ ಅಪ್ಪ-ಅವ್ವನ ಪಕ್ಕ ಮಣ್ಣು ಮಾಡಬೇಕೆಂದು ಟೀಚರ್ ಕೇಳಿದರು. ಹಿರಿಯರು ಚರ್ಚಿನ ಸ್ಮಶಾನದ ಗೇಟು ತೆಗೆಯಲಿಲ್ಲ.

"ಹೊರಗೆ ಮದುವೆಯಾದೋರಿಗೆ ಜಾಗ ಇಲ್ಲ, ಟೀಚರಮ್ಮ."

ನಾನು ಅಲ್ಲಿದ್ದೆ. ಹೆಣವಿದ್ದ ಗಾಡಿ ಬಿಸಿಲಿನಲ್ಲಿ ನಿಂತಿತ್ತು. ಸಂಜೆ ಊರಿನ ಸಾರ್ವಜನಿಕ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಟೀಚರ್ ಅಳಲಿಲ್ಲ.

ಮುಂದಿನ ಭಾನುವಾರ ಕೋರಿಕೆಗಳನ್ನು ಓದುತ್ತಿದ್ದ ಸಭಾಪಾಲಕರ ಧ್ವನಿ ನಡುವೆ ಸಣ್ಣದಾಯಿತು: "ನನ್ನ ತಂಗಿಯನ್ನು ತಂದೆತಾಯಿಯ ಪಕ್ಕ ಹೂಳಲು ಗೇಟು ತೆಗೆಯದ ನಮ್ಮ ಹಿರಿಯರಿಗಾಗಿ ಪ್ರಾರ್ಥಿಸಿರಿ." ಸಭೆ ಆಮೆನ್ ಎಂದಿತು. ದುಬೈಯಿಂದಲೂ ಆಮೆನ್ ಬಂತು. ಅದರ ಮುಂದಿನ ಭಾನುವಾರವೂ ಅದೇ ಕೋರಿಕೆ, ಅದೇ ಆಮೆನ್.

ಹಿರಿಯರು ಟೀಚರ್ ಮನೆಗೆ ಬಂದರು. "ಅದನ್ನ ತೆಗೀರಿ. ಹೈದರಾಬಾದಿನ ಬೀಗರು ಫೋನ್ ಮಾಡಿ ಏನ್ರಿ ಇದು ಅಂತಾರೆ."

"ಯಾಕ್ರಿ, ನಿಮಗೆ ಪ್ರಾರ್ಥನೆ ಬ್ಯಾಡ್ವಾ? ಬ್ಯಾಡ ಅನ್ರಿ, ಅದನ್ನೂ ಹಂಗೇ ಹಾಕ್ತೀನಿ."

"ಇದು ಸೇಡು, ಟೀಚರಮ್ಮ."

"ಹೌದು ಕಣ್ರಿ. ಕಾಫಿ ಕುಡೀರಿ."

ನಿಯಮ ರದ್ದು ಮಾಡಿದರೆ ಸಭೆಯೆದುರು ಕಾರಣ ಹೇಳಬೇಕಾಗುತ್ತಿತ್ತು. ಹಿರಿಯರು ಹೇಳಲಾರದೆ ಹೋದರು.

ಹೋದ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರು. ಹಿರಿಯರು ತಾವೇ ಹೋಗಿ ಗೇಟು ತೆರೆದು ನಿಂತಿದ್ದರು. ತಂಗಿಯ ಪಕ್ಕದಲ್ಲೇ ಹಾಕಿ ಎಂದು ಟೀಚರ್ ಮೊದಲೇ ಹೇಳಿದ್ದರಿಂದ ಗಾಡಿ ಆ ಗೇಟಿನ ಮುಂದೆ ನಿಧಾನವೂ ಆಗಲಿಲ್ಲ.

ವೆಬ್‌ಸೈಟಿನ ಪಾಸ್‌ವರ್ಡನ್ನು ಅವರು ನನಗೆ ಕೊಟ್ಟು ಹೋಗಿದ್ದಾರೆ. ನಾನು ಆ ಸಭೆಯವನಲ್ಲ. ಕಮಿಟಿ ನನ್ನನ್ನು ಕರೆಸಿ ಕೇಳುವಂತಿಲ್ಲ. ಪ್ರತಿ ಶನಿವಾರ ಅವರ ಕೋರಿಕೆಯನ್ನು ಹಾಕುತ್ತೇನೆ. ಕೊನೆಯಲ್ಲಿ ಒಂದು ಸಂಗತಿಯನ್ನಷ್ಟೇ ಸೇರಿಸಿದ್ದೇನೆ: ಅಕ್ಕತಂಗಿಯರಿಬ್ಬರೂ ಈಗ ಹೊರಗಿದ್ದಾರೆ. ಭಾನುವಾರ ಅದನ್ನು ಓದುವಾಗ ಕ್ಯಾಮೆರಾ ಹಿರಿಯರು ಕೂರುವ ಮುಂದಿನ ಸಾಲನ್ನು ತೋರಿಸುತ್ತಿರುತ್ತದೆ. ಹಿರಿಯರೂ ಆಮೆನ್ ಎನ್ನಬೇಕಾಗುತ್ತದೆ.