ಗೆರೆ ಎಳೆದಿದ್ದ ವ್ಯಾಕರಣ

ನನ್ನ ಗಂಡ ತೀರಿಕೊಂಡಾಗ ನನಗೆ ಹದಿನಾರು ವರ್ಷ. ಮದುವೆಯಾಗಿ ಎರಡು ವರ್ಷವಾಗಿತ್ತು, ಆದರೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದ ದಿನಗಳನ್ನೆಲ್ಲ ಕೂಡಿಸಿದರೂ ನಾಲ್ಕು ತಿಂಗಳಾಗಲಿಕ್ಕಿಲ್ಲ. ಅವರು ವಿಜಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಇಂಗ್ಲಿಷ್ ಸಾಲೆ ಕಲಿಯುತ್ತಿದ್ದರು. ಸಾಲೆಗೆ ಸೂಟಿ ಬಿಟ್ಟಾಗ ಮಾತ್ರ ಊರಿಗೆ, ಬಬಲೇಶ್ವರಕ್ಕೆ ಬರುತ್ತಿದ್ದರು. ಬಂದಾಗಲೂ ನನ್ನೊಡನೆ ಮಾತು ಕಡಿಮೆ. ಒಮ್ಮೆ, ನನ್ನ ಕೈಯ ರೊಟ್ಟಿ ತೆಳ್ಳಗಿದೆ ಎಂದಿದ್ದರು. ವಿಷಮಜ್ವರ ಬಂದು ಹದಿನೈದನೆಯ ದಿನಕ್ಕೆ ಹೋದರು.

ಹೆಂಗಸರೆಲ್ಲ ನನ್ನನ್ನು ಅಳಿಸಲು ನೋಡಿದರು. "ಅಳಬೇ, ಒಳಗ ಇಟ್ಕೋಬ್ಯಾಡ," ಎಂದು ಬೆನ್ನು ತಟ್ಟಿದರು. ಅಳು ಬರಲಿಲ್ಲ. ಬಳೆ ಒಡೆಯುವಾಗ ಎಡಗೈಗೆ ಗಾಜು ಚುಚ್ಚಿ ರಕ್ತ ಬಂತು, ಅದೂ ನೋಯಲಿಲ್ಲ. ಗಟ್ಟಿ ಎದೆಯವಳು ಎಂದು ಓಣಿಯಲ್ಲಿ ಮಾತಾಯಿತು. ನಾನು ಗಟ್ಟಿಯೂ ಆಗಿರಲಿಲ್ಲ, ಮೆತ್ತಗೂ ಆಗಿರಲಿಲ್ಲ. ಬೆಳಿಗ್ಗೆ ಏಳುತ್ತಿದ್ದೆ, ಕಸ ಹೊಡೆಯುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ.

ಅತ್ತೆ ನಾನು ಆ ಮನೆಗೆ ಹೋಗುವ ಮೊದಲೇ ತೀರಿಕೊಂಡಿದ್ದರು. ಈಗ ಮನೆಯಲ್ಲಿ ಉಳಿದವರು ನಾನು, ಮಾವ ಇಬ್ಬರೇ. ಮಾವನಿಗೆ ಊರಲ್ಲಿ ಅರಿವೆಯ ಅಂಗಡಿಯಿತ್ತು. ಮೂರು ತಿಂಗಳಾದ ಮೇಲೆ ಒಂದು ದಿನ ಊಟಕ್ಕೆ ಕುಳಿತವರು ತಲೆ ಎತ್ತದೆ ಕೇಳಿದರು.

"ತಂಗಿ, ನೀ ಕನ್ನಡ ಐದನೇತ್ತ ಪಾಸಾಗೀಯಲ್ಲ?"

"ಹೌದ್ರಿ ಮಾವಾರ."

"ವಿಜಾಪುರಕ್ಕ ಹೋಗಿ ಇಂಗ್ಲಿಷ್ ಸಾಲಿ ಕಲಿ. ಮುಂದ ಸಾಲ್ಯಾಗ ನೌಕರಿ ಸಿಗತೈತಿ. ನಾ ಎಷ್ಟ ದಿನ ಇರಾಂವ?"

ಹೂಂ ಎಂದೆ. ಬೇಡ ಎನ್ನಲೂ ಏನಾದರೂ ಅನಿಸಬೇಕಲ್ಲ.

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲಿಯ ಗ್ಯಾಸಿನ ಮೇಲೆ ಓಡುತ್ತಿದ್ದವು. ವಿಜಾಪುರಕ್ಕೆ ಹೊರಟ ದಿನ ಏರಿನಲ್ಲಿ ನಮ್ಮ ಬಸ್ಸು ನಿಂತಿತು. ಗಂಡಸರೆಲ್ಲ ಇಳಿದು ನೂಕಿದರು, ಮಾವನೂ ನೂಕಿದರು. ನಾನು ಟ್ರಂಕಿನ ಮೇಲೆ ಕೈಯಿಟ್ಟು ಕುಳಿತಿದ್ದೆ. ಅದರಲ್ಲಿ ನನ್ನ ಸೀರೆಗಳ ಕೆಳಗೆ ಗಂಡನ ಇಂಗ್ಲಿಷ್ ವ್ಯಾಕರಣದ ಪುಸ್ತಕವಿತ್ತು.

ಮಾವನ ಅಕ್ಕನ ಮನೆ ಅಥಣಿ ರಸ್ತೆಯ ಕಡೆಗಿತ್ತು. ಗಂಡ ಇರುತ್ತಿದ್ದ ಕೋಣೆಯನ್ನೇ ನನಗೆ ಕೊಟ್ಟರು. ಅವರು ಕೋಟು ತೂಗುಹಾಕುತ್ತಿದ್ದ ಮೊಳೆಗೆ ನಾನು ಚೀಲ ತೂಗುಹಾಕಿದೆ.

ಸಾಲೆಯಲ್ಲಿ ನನ್ನ ವರ್ಗದವರೆಲ್ಲ ಹತ್ತು ಹನ್ನೊಂದು ವರ್ಷದ ಹುಡುಗಿಯರು. ಮೊದಲ ದಿನ ಸೀರೆಯುಟ್ಟು ಒಳಗೆ ಬಂದ ನನ್ನನ್ನು ನೋಡಿ, ಹೊಸ ಅಕ್ಕೋರು ಬಂದರೆಂದು ಎಲ್ಲರೂ ಎದ್ದು ನಿಂತರು. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಅವರು ಸ್ವಲ್ಪ ಹೊತ್ತು ನಿಂತೇ ಇದ್ದು ಆಮೇಲೆ ಕುಳಿತರು.

ಇಂಗ್ಲಿಷ್ ಕಲಿಸುತ್ತಿದ್ದ ಅಕ್ಕೋರು ನನಗಿಂತ ಏಳೆಂಟು ವರ್ಷ ದೊಡ್ಡವರು. ಶಬ್ದಗಳಲ್ಲಿ ಎಂಟು ಬಗೆ ಎಂದು ಕಪ್ಪು ಹಲಗೆಯ ಮೇಲೆ ಬರೆದರು. ಹೆಸರು ಹೇಳುವುದು ನೌನ್, ಹೆಸರಿನ ಬದಲಿಗೆ ಬರುವುದು ಪ್ರೊನೌನ್, ಕೆಲಸ ಹೇಳುವುದು ವರ್ಬ್. ನನಗೆ ಅದು ಹಿಡಿಸಿತು. ಬಕೆಟ್ಟು, ಮಾವಿನಹಣ್ಣು, ಸಾವು, ಎಲ್ಲವೂ ನೌನ್. ಅದಕ್ಕಿಂತ ಹೆಚ್ಚು ಯಾರೂ ಕೇಳುತ್ತಿರಲಿಲ್ಲ. ಭೂತನಾಳ ಕೆರೆಯ ನೀರು ನಳಕ್ಕೆ ಬರುವ ಹೊತ್ತಿನಲ್ಲಿ ಕೊಡದ ಸಾಲಿನಲ್ಲಿ ನಿಂತು ಕಣ್ಣಿಗೆ ಬಿದ್ದುದನ್ನೆಲ್ಲ ವಿಂಗಡಿಸುತ್ತಿದ್ದೆ.

ಒಮ್ಮೆ 'ವಾಟರ್' ಎಂಬುದನ್ನು ನೌನ್ ಎಂದು ಬರೆದು ತಪ್ಪು ಮಾಡಿದೆ. ಆ ವಾಕ್ಯದಲ್ಲಿ ಅದು ಗಿಡಕ್ಕೆ ನೀರು ಹಾಕು ಎಂಬ ಅರ್ಥದಲ್ಲಿ ಬಂದಿತ್ತು.

"ಶಬ್ದ ಅಷ್ಟ ನೋಡಬ್ಯಾಡ್ರಿ," ಎಂದರು ಅಕ್ಕೋರು. ನನ್ನೊಬ್ಬಳನ್ನೇ ಅವರು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. "ಅಲ್ಲಿ ಅದು ಏನ್ ಕೆಲಸ ಮಾಡತೈತಿ ಅದನ್ನ ನೋಡ್ರಿ."

ನೌನಿನ ಲಿಂಗಗಳ ಪಾಠ ಬಂದಾಗ ಹುಡುಗಿಯರು ಒಬ್ಬೊಬ್ಬರಾಗಿ ಜೋಡಿಗಳನ್ನು ಓದುತ್ತಿದ್ದರು. ಹೋರಿ, ಆಕಳು, ರಾಜ, ರಾಣಿ. ನನ್ನ ಪಾಳಿಗೆ ಬಂದುದು 'ವಿಡೋವರ್, ವಿಡೋ'. ಅಕ್ಕೋರು ಬೇಗನೆ, "ಅದನ್ನ ಬಿಡ್ರಿ, ಮುಂದಿಂದು ಓದ್ರಿ," ಎಂದರು.

"ಇದೂ ಬರತೈತ್ರಿ ಅಕ್ಕೋರ," ಎಂದು ನಾನು ಓದಿ ಕುಳಿತೆ. ಅವರು ಕಿಟಕಿಯ ಕಡೆ ನೋಡುತ್ತ ನಿಂತರು. ನನಗಾಗಿ ಅಷ್ಟು ಮುಜುಗರಪಟ್ಟ ಅವರ ಮೇಲೆ ನನಗೆ ಕನಿಕರ ಬರಬೇಕಿತ್ತು ಎಂದು ಈಗ ಅನಿಸುತ್ತದೆ.

ಮಾವ ಅಂಗಡಿಗೆ ಅರಿವೆ ತರಲು ಪ್ರತಿ ರವಿವಾರ ವಿಜಾಪುರಕ್ಕೆ ಬರುತ್ತಿದ್ದರು. ನಮ್ಮಿಬ್ಬರಿಗೂ ಆಡಲು ಬೇರೆ ಮಾತಿರಲಿಲ್ಲ. ಅದಕ್ಕೇ ಇರಬೇಕು, "ಈ ವಾರ ಏನ್ ಕಲಿಸ್ಯಾರ, ನನಗೂ ಹೇಳು," ಎಂದು ಪಡಸಾಲೆಯಲ್ಲಿ ಎದುರಿಗೆ ಕುಳಿತುಬಿಡುತ್ತಿದ್ದರು. ಆ ಜೋಡಿಗಳನ್ನೂ ಹೇಳಿಕೊಟ್ಟೆ.

"ವಿಡೋವರ್ ಅಂದ್ರ?"

"ಹೆಂಡತಿ ಸತ್ತಾಂವ್ರಿ."

"ಹಂಗಾರ ನಾನು," ಎಂದರು. ಆಮೇಲೆ, "ಮುಂದ ಹೇಳು."

ಟ್ರಂಕಿನಲ್ಲಿ ತಂದಿದ್ದ ವ್ಯಾಕರಣದ ಪುಸ್ತಕದಲ್ಲಿ ಗಂಡ ಅಭ್ಯಾಸದ ವಾಕ್ಯಗಳ ಪ್ರತಿ ಶಬ್ದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಅದು ಯಾವ ಬಗೆಯದೆಂದು ಸಣ್ಣ ಅಕ್ಷರದಲ್ಲಿ ಗುರುತು ಹಾಕಿದ್ದರು. ನಾನು ಮೊದಲು ನನ್ನ ಪಾಟಿಯ ಮೇಲೆ ಬಿಡಿಸಿ, ಆಮೇಲೆ ಅವರ ಗುರುತಿಗೆ ತಾಳೆ ನೋಡುತ್ತಿದ್ದೆ. ಅವರ ತಪ್ಪುಗಳೂ ಸಿಗುತ್ತಿದ್ದವು. ಪ್ರಿಪೋಜಿಷನ್ ಪಾಠಕ್ಕೆ ಬಂದ ರವಿವಾರ ಮಾವ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಾಲ್ಕನೆಯ ವಾಕ್ಯದ ನಡುವೆ ಗೆರೆಗಳು ನಿಂತಿದ್ದವು.

"ಮುಂದ ಯಾಕ ಗೆರಿ ಇಲ್ಲ?"

"ಅಲ್ಲೀತನಾನ ಮಾಡ್ಯಾರ್ರಿ."

ಮಾವ ಆ ಗೆರೆ ನಿಂತಲ್ಲಿ ಬೆರಳಿಟ್ಟರು. ಅಂಗಿಯ ಕಿಸೆಯಿಂದ ಪೆನ್ಸಿಲ್ ತೆಗೆದು ನನ್ನ ಮುಂದಿಟ್ಟು, "ಉಳಿದದ್ದು ನೀ ಮಾಡು," ಎಂದು ಹಿತ್ತಲಿಗೆ ಹೋದರು. ಮುಖ ತೊಳೆಯುವ ಸದ್ದು ಬಹಳ ಹೊತ್ತು ಕೇಳಿತು. ನಾನು ಗಂಡನ ಗೆರೆ ನಿಂತಲ್ಲಿಂದ ಎಳೆಯುತ್ತ ಹೋದೆ. ಎಲ್ಲ ಸರಿಯಾಗಿತ್ತೆಂದು ಮರುದಿನ ಸಾಲೆಯಲ್ಲಿ ಗೊತ್ತಾಯಿತು.

ಮುಂದಿನ ರವಿವಾರ ಮಾವನ ಜೊತೆ, ನನ್ನ ತವರೂರು ಟಿಕೋಟಾದಿಂದ ಅಪ್ಪನೂ ಬಂದ. ಕಾಖಂಡಕಿಯಲ್ಲಿ ಹೆಂಡತಿ ಸತ್ತ ಒಬ್ಬ ಒಕ್ಕಲುತನದವನಿದ್ದ, ಹೊಲಮನೆ ಗಟ್ಟಿ. ವಿಧವೆಯರಿಗೆ ಮಾಡುವ ಉಡಿಕೆ ಮದುವೆಯಲ್ಲಿ ನನ್ನನ್ನು ಅವನಿಗೆ ಕೊಡಬೇಕೆಂದು ಅಪ್ಪನ ವಿಚಾರ.

"ನನ್ನ ಕೇಳಬ್ಯಾಡ್ರಿ ಬೀಗರ," ಎಂದರು ಮಾವ. "ಆಕೀನ ಕೇಳ್ರಿ."

ಅಪ್ಪ ನನ್ನ ಕಡೆ ತಿರುಗಿದ. "ಏನಂತೀ ಯವ್ವಾ?"

ಏನು ಹೇಳಬೇಕೆಂದು ತಿಳಿಯದೆ, ಇದ್ದುದನ್ನು ಹೇಳಿದೆ. "ಎಂಟರಾಗ ಇನ್ನಾ ಎರಡು ಉಳದಾವ್ರಿ ಅಪ್ಪಾ. ಕಂಜಂಕ್ಷನ್, ಇಂಟರ್ಜೆಕ್ಷನ್. ಆಮ್ಯಾಲ ಪರೀಕ್ಷಾ ಐತಿ."

ಅಪ್ಪನಿಗೆ ತಿಳಿಯಲಿಲ್ಲ. ಮಾವನ ಮುಖ ನೋಡಿದ.

"ಒಲ್ಲೆ ಅನ್ನಾಕತ್ತಾಳ," ಎಂದರು ಮಾವ.

ನಾನು ಒಲ್ಲೆ ಎಂದದ್ದು ನನಗೂ ಗೊತ್ತಾದದ್ದು ಆಗಲೇ. ಅಪ್ಪ ಚಹಾ ಕುಡಿದು ಎದ್ದ. ಬಾಗಿಲಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟ. ಆ ಕೈ ಬಿಸಿಯಾಗಿತ್ತು, ಅಷ್ಟು ನೆನಪಿದೆ.

ಆ ವರ್ಷ ಪಾಸಾದೆ, ಮುಂದಿನ ವರ್ಷಗಳೂ ಪಾಸಾದೆ. ಕೊನೆಗೆ ಟಿಕೋಟಾದ ಹೆಣ್ಣುಮಕ್ಕಳ ಸಾಲೆಯಲ್ಲಿ ಕೆಲಸ ಸಿಕ್ಕಿತು. ಕಾಗದ ಬಂದ ದಿನ ಸಂತೋಷವಾಯಿತೆಂದು ಹೇಳಲಾರೆ. ಟ್ರಂಕು ತುಂಬಿದೆ ಅಷ್ಟೆ. ಮಾವ ಅಂಗಡಿ ಮುಚ್ಚಿ ನನ್ನ ಜೊತೆ ಬಂದರು. ತವರುಮನೆ ಎರಡು ಓಣಿ ಆಚೆಗಿದ್ದರೂ ನಾವು ಬೇರೆ ಮನೆ ಹಿಡಿದೆವು. ಸೊಸೆಯ ಮನೆಯಲ್ಲಿ ಕೂತು ಉಣ್ಣುತ್ತಾನೆ ಎಂದು ಕೆಲವರು ಆಡಿಕೊಂಡರು. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಸಾಲೆಗೆ ಹೊರಡುವ ಹೊತ್ತಿಗೆ ಛತ್ರಿ ತಂದು ಬಾಗಿಲ ಬಳಿ ಇಡುತ್ತಿದ್ದರು. ಅಲ್ಲಿಯ ಬಿಸಿಲಿಗೆ ಅದು ಬೇಕಾಗುತ್ತಿತ್ತು.