ಬಾಯಮ್ಮನ ಜಗಲಿಯಲ್ಲಿ ಕೂತವರು

ಮೊನ್ನೆ ಕಾಪು ಪೇಟೆಯಲ್ಲಿ ಮೀನು ತೆಗೆದುಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೂವಿನವಳು ಡಬ್ಬಿಯ ನೀರಿನಿಂದ ಒಂದು ಎಳೆ ಬಾಳೆನಾರು ಎಳೆದಳು. ಮಲ್ಲಿಗೆಯ ಪರಿಮಳ ಎಲ್ಲರಿಗೂ ಗೊತ್ತು. ನೆನೆದ ಬಾಳೆನಾರಿನ ವಾಸನೆ ಹೂ ಕಟ್ಟುವ ಮನೆಗಳಲ್ಲಿ ಕೂತು ಎದ್ದವರಿಗೆ ಮಾತ್ರ ಗೊತ್ತು. ಸ್ವಲ್ಪ ಹುಳಿ, ಸ್ವಲ್ಪ ಕೆಸರು... ನನಗೆ ಅಷ್ಟೇ ಸಾಕಾಯಿತು. ಬಸ್ಸು ಬಂತು, ಹೋಯಿತು. ನಾನು ಶಂಕರಪುರದ ಆ ಜಗಲಿಯಲ್ಲಿ ಕೂತಿದ್ದೆ, ಬಾಯಮ್ಮ ಯಾರಿಗೋ ಬೈಯುತ್ತಿದ್ದರು.

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಶಂಕರಪುರದಲ್ಲಿ ಓಣಿಗೊಬ್ಬರು ಬಾಯಮ್ಮ ಇದ್ದರು. ಆದರೂ ಬರೀ 'ಬಾಯಮ್ಮ' ಅಂದರೆ ಇವರೇ. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅಂಗಳ ತುಂಬ ಮಲ್ಲಿಗೆ ಗಿಡ, ಬಾಯಿ ತುಂಬ ಬೈಗುಳ. ನಾನು ಅವರ ಗೋಡೆಗೆ ತಾಗಿದ ಬಾಡಿಗೆ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಮಧ್ಯಾಹ್ನ ಮಿಷನ್ ನಿಂತರೆ ಆಚೆಯಿಂದಲೇ ಕೂಗುತ್ತಿದ್ದರು, "ಎಂತ ಮಾರಾಯ್ತಿ, ಸತ್ತಿದ್ದೀಯಾ? ಚಾ ಉಂಟು, ಬಾ."

ಇದೆಲ್ಲ ಶುರುವಾದದ್ದು ಒಂದು ಕ್ರಿಸ್ಮಸ್ಸಿನಲ್ಲಿ. ಇಗರ್ಜಿಯ ಹೆಂಗಸರು ಜೈಲಿನ ಹೆಂಗಸರಿಗೆ ಕುಸ್ವಾರ್ ಹಂಚಲು ಹೋಗಿದ್ದರು. ಹಬ್ಬದ ತಿಂಡಿ ಕೊಟ್ಟು, ಎರಡು ಹಾಡು ಹೇಳಿ, ಫೋಟೋ ತೆಗೆಸಿಕೊಂಡು ಬರುವುದು ವಾಡಿಕೆ. ಕಾರ್ಕಳದ ಕಡೆಯ ಒಬ್ಬಳು ತಿಂಡಿಯ ಪೊಟ್ಟಣ ಹಿಂದೆ ಕೊಟ್ಟು, "ನಾಳೆ ನನ್ನನ್ನು ಬಿಡ್ತಾರೆ, ಎಲ್ಲಿಗೆ ಹೋಗುವುದು?" ಎಂದು ಕೇಳಿದಳಂತೆ. ದೇವರಿದ್ದಾನೆ ಎಂದರಂತೆ ಎಲ್ಲರೂ. ಬಾಯಮ್ಮನಿಗೆ ಪಿತ್ತ ನೆತ್ತಿಗೇರಿತು. ದೇವರಿದ್ದಾನೆ ಸರಿ, ಅವನ ಮನೆಗೆ ಸಂಜೆ ಬೀಗ ಹಾಕ್ತೀರಲ್ಲ, ಅವಳು ಮಲಗುವುದೆಲ್ಲಿ ಎಂದು ಅಲ್ಲೇ ಜಗಳಕ್ಕೆ ನಿಂತರು. ಮರುದಿನ ರಿಕ್ಷಾ ಮಾಡಿಕೊಂಡು ಹೋಗಿ ಅವಳನ್ನು ಮನೆಗೆ ಕರೆತಂದರು.

ಅವಳು ಒಂದು ವಾರ ಇದ್ದಳು. ಆಮೇಲೆ ಬಚ್ಚಲಿನ ತಾಮ್ರದ ಕೊಡದೊಂದಿಗೆ ಮಾಯವಾದಳು. ಊರಿನವರಿಗೆ ಹಬ್ಬ! ನೋಡಿದಿರಾ, ನಾವು ಹೇಳಿರಲಿಲ್ವಾ ಎನ್ನಲು ಬೇಲಿಯ ಹತ್ತಿರ ಸಾಲು ನಿಂತರು. ಬಾಯಮ್ಮ ಕೊಡಕ್ಕೂ ಶಾಪ ಹಾಕಿದರು, ಅವಳಿಗೂ ಹಾಕಿದರು. ಕೊನೆಗೆ "ಸಾಯ್ಬಾ ಭೊಗೊಸ್" ಎಂದು, ದೇವರೇ ಕ್ಷಮಿಸು ಎಂದು ಕೊಂಕಣಿಯಲ್ಲಿ ಹೇಳಿಕೊಂಡು, ಹಿಂದಿನ ಕೋಣೆಗೆ ಇನ್ನೊಂದು ಚಾಪೆ ತಂದರು. ಆಮೇಲೆ ಎಷ್ಟೋ ಮಂದಿ ಬಂದರು. ಜೈಲಿನಿಂದ ಬಂದವರು, ಬಸ್ ಸ್ಟ್ಯಾಂಡಿನಿಂದ ಬಂದವರು, ಗಂಡ ಹೊರಗೆ ಹಾಕಿದವರು. ಕೆಲವರ ಮುಖ ಈಗ ನೆನಪಿಗೇ ಬರುವುದಿಲ್ಲ...

ರೇಣವ್ವನನ್ನು ಮಾತ್ರ ಮರೆಯುವ ಹಾಗಿಲ್ಲ. ಬಾಗಲಕೋಟೆ ಕಡೆಯವಳು. ಗಂಡನ ಜೊತೆ ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಬಂದವಳು, ಗಂಡ ಬಿಟ್ಟುಹೋದ ಮೇಲೆ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆ ಮನೆಯಲ್ಲಿ ಚಿನ್ನದ ಬಳೆ ಕಾಣೆಯಾಯಿತು. ಬಳೆ ಕಾಣೆಯಾದರೆ ಕದ್ದದ್ದು ಯಾರು? ಪಾತ್ರೆ ತೊಳೆಯುವವಳೇ ಅಲ್ವಾ! ಜಾಮೀನು ನಿಲ್ಲಲು ಒಂದು ನರಪಿಳ್ಳೆಯೂ ಬಾರದೆ ಕೇಸು ಮುಗಿಯುವವರೆಗೂ ಒಳಗೇ ಕೂತಳು. ಕೊನೆಗೆ ಕೋರ್ಟು ಇವಳದ್ದು ತಪ್ಪಿಲ್ಲ ಎಂದು ಬಿಟ್ಟಿತು. ಬಿಟ್ಟು ಎಂತ ಬಂತು? ಅಷ್ಟರಲ್ಲಿ ಬಾಡಿಗೆ ಕೋಣೆ ಹೋಗಿತ್ತು, ಸಾಮಾನು ಹೋಗಿತ್ತು, ಪುಟ್ಟ ಮಗಳು ನೀಲಾ ಕಾರ್ಕಳದ ಒಂದು ಮಕ್ಕಳ ಆಶ್ರಮ ಸೇರಿದ್ದಳು. ಉಡುಪಿ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಮಲಗುತ್ತಿದ್ದವಳನ್ನು ಬಾಯಮ್ಮ ಕರೆತಂದರು. ಬಂದವಳು ಅನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ನನ್ನ ಮಗಳನ್ನ ಯಾವಾಗ ಕೊಡ್ತಾರ್ರೀ ಅವ್ವಾರ?" ಎಂದು ಒಂದೇ ಮಾತು ಕೇಳಿದಳು.

ಮಕ್ಕಳ ವಿಷಯ ನೋಡುವ ಸಮಿತಿಯವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ತಾಯಿಗೆ ನಿಂತ ಮನೆ ಬೇಕು, ಕೈಗೆ ಕೆಲಸ ಬೇಕು. ಬಂದು ನೋಡುತ್ತೇವೆ, ಅಕ್ಕಪಕ್ಕ ಕೇಳುತ್ತೇವೆ, ಆಮೇಲೆ ಮಗು. ಮನೆ ಬಾಯಮ್ಮನದ್ದು ಇತ್ತು. ಕೆಲಸಕ್ಕೆ ಮಲ್ಲಿಗೆ ಇತ್ತು. ಶಂಕರಪುರದಲ್ಲಿ ಬೆಳಿಗ್ಗೆ ಮೊಗ್ಗು ಕೊಯ್ದರೆ ಏಜೆಂಟ್ ಬರುವುದರೊಳಗೆ ಕಟ್ಟಿ ಮುಗಿಸಬೇಕು. ಕಟ್ಟದೆ ಉಳಿದರೆ ಬುಟ್ಟಿಯಲ್ಲೇ ಅರಳಿಹೋಗುತ್ತದೆ, ಅರಳಿದ್ದನ್ನು ಯಾರೂ ಮೂಸಿ ನೋಡುವುದಿಲ್ಲ. ಹೂ ಜಾಸ್ತಿ ಬಿಟ್ಟ ದಿನ ಒಂದು ಮನೆಯವರು ಇನ್ನೊಂದು ಮನೆಯವರಿಗೆ ಕೈ ಕೊಡುವುದು, ಕರೆದರೆ ಇಲ್ಲವೆನ್ನದೆ ಬರುವುದು ಊರಿನ ಕ್ರಮ.

ಮೊದಲ ದಿನವೇ ರೇಣವ್ವ ಒಂದು ತಪ್ಪು ಮಾಡಿದಳು. ಬುಟ್ಟಿಯಿಂದ ಮೊಗ್ಗೊಂದನ್ನು ಎತ್ತಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಉಸಿರು ಎಳೆದಳು. ಎಷ್ಟು ಕಾಲವಾಗಿತ್ತೋ ಪಾಪ, ಒಂದು ಒಳ್ಳೆಯ ವಾಸನೆ ಕಂಡು! ದೇವರ ಮುಡಿಗೆ ಹೋಗುವ ಹೂವನ್ನು ಕಟ್ಟುವವರು ಮೂಸಬಾರದು. ಅವಳಿಗೆ ಯಾರೂ ಹೇಳಿರಲಿಲ್ಲ. ಎದುರು ಮನೆಯ ಅಕ್ಕ ಗೇಟಿನಿಂದ ನೋಡಿಬಿಟ್ಟರು. ಸಂಜೆಯೊಳಗೆ ಊರೆಲ್ಲ ಸುದ್ದಿ: ಬಾಯಮ್ಮನ ಮನೆಯಲ್ಲಿ ಜೈಲಿನ ಹೆಂಗಸು ದೇವರ ಹೂ ಮೂಸುತ್ತಾಳೆ. ನನ್ನ ಹತ್ತಿರ ರವಿಕೆಗೆ ಅಳತೆ ಕೊಡಲು ಬಂದ ಮೂವರು ಅದನ್ನೇ ಮೂರು ರೀತಿಯಲ್ಲಿ ಹೇಳಿ ಹೋದರು. ಎದುರು ಮನೆಯ ಅಕ್ಕ ನೇರ ಬಾಯಮ್ಮನ ಜಗಲಿಗೇ ಬಂದರು. ಆ ಕೈ ತಾಗಿದ ಹೂ ದೇವಿಗೆ ಹೇಗೆ ಕೊಡುವುದು, ನೀವು ನಮ್ಮವರಲ್ಲ, ನಿಮಗೆ ಗೊತ್ತಾಗುವುದಿಲ್ಲ ಎಂದರು.

ಬಾಯಮ್ಮ ನಾರು ಸೀಳುತ್ತಲೇ ಹೇಳಿದರು, "ಹೌದು ಮಾರಾಯ್ತಿ, ನನಗೆ ಗೊತ್ತಾಗುವುದಿಲ್ಲ. ಆದರೆ ಈ ಹೂ ಬಸ್ಸಿನಲ್ಲಿ ಮುಂಬೈಗೆ ಹೋಗ್ತದಲ್ಲ, ಆ ಡ್ರೈವರ್, ಕಂಡಕ್ಟರಿಗೆಲ್ಲ ಮೂಗು ಇಲ್ವಾ?"

ನಾನು ಗೋಡೆಯಾಚೆ ನಕ್ಕು ಸಾಯುವುದೊಂದು ಬಾಕಿ. ಆದರೆ ರೇಣವ್ವ ನಗಲಿಲ್ಲ. ಆಮೇಲೆ ಅವಳು ಹೂ ಕಟ್ಟುವಾಗ ಸೆರಗನ್ನು ಮೂಗಿಗೆ ಅಡ್ಡ ಕಟ್ಟಿಕೊಳ್ಳತೊಡಗಿದಳು. ಬಾಯಮ್ಮ ಎಷ್ಟು ಬೈದರೂ ಬಿಚ್ಚಲಿಲ್ಲ.

ಕೆಲವು ವಾರ ಕಳೆದಿರಬೇಕು. ಮದುವೆಯ ಕಾಲ, ಹೂವಿಗೆ ಬೆಲೆ ಬಂದಿತ್ತು, ಗಿಡಗಳೂ ಹುಚ್ಚು ಹಿಡಿದ ಹಾಗೆ ಬಿಟ್ಟಿದ್ದವು. ಒಂದು ಬೆಳಿಗ್ಗೆ ಎದುರು ಮನೆಯ ಅಕ್ಕನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು, ಕಾರು ಬಂದಿದೆ, ಅಂಗಳದಲ್ಲಿ ಬುಟ್ಟಿ ತುಂಬ ಮೊಗ್ಗು. ಆ ಅಕ್ಕ ಏನು ಮಾಡಿದರು ಗೊತ್ತಾ? ಬುಟ್ಟಿ ಸೊಂಟಕ್ಕಿಟ್ಟುಕೊಂಡು ಓಡಿಬಂದು ಬಾಯಮ್ಮನ ಜಗಲಿಯಲ್ಲಿ, ರೇಣವ್ವನ ಮುಂದೆಯೇ ಇಟ್ಟರು. "ಒಂದು ಕಟ್ಟಿಡಿ ಆಯ್ತಾ" ಎಂದು ಓಡಿದರು. ರೇಣವ್ವ ತಲೆ ಎತ್ತದೆ ಕಟ್ಟಿದಳು. ಬೆರಳಿನ ತುದಿ ನಾರಿಗೆ ಸೀಳಿ ಉರಿಯುತ್ತಿದ್ದರೂ ಒಂದು ಮೊಗ್ಗು ಹಾಳಾಗಲು ಬಿಡಲಿಲ್ಲ. ಆ ಮನೆಯ ಹರಕೆಯ ಹೂ ಅದರಲ್ಲೇ ಸೇರಿತ್ತು. ಸಂಜೆ ದೇವಿಯ ಮುಡಿಗೆ ಏರಿತು. ದೇವಿ ಬೇಡವೆಂದದ್ದು ನಾನಂತೂ ಕೇಳಲಿಲ್ಲ.

ಇನ್ನಾದರೂ ಬುದ್ಧಿ ಬಂದೀತು ಎಂದುಕೊಂಡೆವು. ಎಲ್ಲಿ ಬುದ್ಧಿ! ಸಮಿತಿಯ ಕಡೆಯಿಂದ ಒಬ್ಬ ಮೇಡಂ ವಿಚಾರಿಸಲು ಬಂದರು. ಬಾಯಮ್ಮನ ಮನೆ ನೋಡಿದರು, ಮೆಚ್ಚಿದರು, ಎದುರು ಮನೆಗೆ ಹೋದರು. ಅದೇ ಅಕ್ಕ, ಅದೇ ಗೇಟಿನಲ್ಲಿ ನಿಂತು, "ನಮಗೆ ಗೊತ್ತಿಲ್ಲಪ್ಪ. ಎಂತೆಂಥದ್ದೋ ಹೆಂಗಸರು ಬಂದು ಹೋಗುವ ಮನೆ ಅದು. ನಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ" ಎಂದರು. ನಾನು ಮಿಷನ್ ಬಿಟ್ಟು ಓಡಿ ಹೋಗಿ ನನಗೆ ತಿಳಿದದ್ದನ್ನು ಹೇಳಿದೆ. ಮೇಡಂ ಕೇಳಿಕೊಂಡರು. ಆದರೆ ಒಂದು ಮಾತು ಕಿವಿಗೆ ಬಿದ್ದ ಮೇಲೆ ಬಿತ್ತು. ಇನ್ನೂ ಸ್ವಲ್ಪ ಸಮಯ ನೋಡೋಣ ಎಂದಾಯಿತು.

ರೇಣವ್ವ ಅಳಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಮಗಳಿಗೆಂದು ನನ್ನ ಕೈಯಲ್ಲಿ ಹೊಲಿಸಿದ ಲಂಗವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಬೆಳೆಯುವ ಮಗು, ತಾಯಿಯ ಹತ್ತಿರ ಬರುವಷ್ಟರಲ್ಲಿ ಲಂಗ ಗಿಡ್ಡವಾಗುತ್ತದೆ ಎಂಬುದನ್ನು ಟೈಲರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಬಾಯಮ್ಮ ಆ ದಿನ ಬೈಯಲಿಲ್ಲ.

ಮರುದಿನ ಎದುರು ಮನೆಯ ಬುಟ್ಟಿ ಬಂತು. ಅತ್ತೆ ಹಾಸಿಗೆ ಹಿಡಿದಿದ್ದರು, ಅಕ್ಕನಿಗೆ ಒಬ್ಬರೇ ಕಟ್ಟಿ ಪೂರೈಸುವುದಿಲ್ಲ. ಬಾಯಮ್ಮ ಗೇಟು ತೆಗೆಯಲಿಲ್ಲ. ಎಂತೆಂಥದ್ದೋ ಹೆಂಗಸರು ಬರುವ ಮನೆ ಇದು, ನಿಮ್ಮ ಹೂ ಹಾಳಾಗ್ತದೆ, ತೆಗೆದುಕೊಂಡು ಹೋಗಿ ಎಂದರು. ಮಾರನೆಯ ದಿನವೂ ಅದೇ. ಶಂಕರಪುರದಲ್ಲಿ ಹಾಗೆ ಮಾಡುವ ಕ್ರಮವೇ ಇಲ್ಲ. ಊರು ಬಾಯಿಬಾಯಿ ಬಡಿದುಕೊಂಡಿತು. ಎದುರು ಅಂಗಳದಲ್ಲಿ ಮೊಗ್ಗುಗಳು ಬುಟ್ಟಿಯಲ್ಲೇ ಅರಳಿದವು. ಓಣಿಯೆಲ್ಲ ಘಮಘಮ. ಅಷ್ಟು ಪರಿಮಳ ಬಂದರೆ ನಷ್ಟವಾಗಿದೆ ಎಂದೇ ಲೆಕ್ಕ.

ಆಮೇಲೆ ಅಕ್ಕ ಬಂದು ಗೇಟಿನಲ್ಲಿ ನಿಂತರು, ಮುಖ ಸಣ್ಣದಾಗಿತ್ತು. ಬಾಯಮ್ಮ ಗೇಟು ತೆರೆದು ಚಾಪೆ ತೋರಿಸಿದರು. "ಬುಟ್ಟಿ ಇಟ್ಟು ಓಡುವುದಲ್ಲ. ಅವಳ ಪಕ್ಕ ಕೂತು ಕಟ್ಟಬೇಕು. ದಿನಾ." ಅಕ್ಕ ಕೂತರು! ಮೊದಲು ಚಾಪೆಯ ಆ ತುದಿಯಲ್ಲಿ, ಬೆನ್ನು ಹಾಕಿ. ಒಂದೇ ಪಾತ್ರೆಯ ನೀರಿನಿಂದ ಇಬ್ಬರೂ ನಾರು ತೆಗೆಯಬೇಕಲ್ಲ, ಎಷ್ಟು ದಿನ ಬೆನ್ನು ಹಾಕುತ್ತಾರೆ? ಅತ್ತೆಯ ಸೊಂಟದ ಸುದ್ದಿ ಬಂತು, ನೀಲಾಳ ಸುದ್ದಿ ಬಂತು. ಮೇಡಂ ಇನ್ನೊಮ್ಮೆ ವಿಚಾರಿಸಲು ಬಂದಾಗ ಅಕ್ಕ ಅದೇ ಚಾಪೆಯಲ್ಲಿದ್ದರು. "ಒಳ್ಳೆ ಹೆಂಗಸು, ಮಗು ಕೊಡಿ" ಎಂದರು. ಮನುಷ್ಯತ್ವ ಉಕ್ಕಿ ಬಂದು ಹೇಳಿದರೆಂದು ನಾನು ಈಗಲೂ ನಂಬುವುದಿಲ್ಲ. ಮೊಗ್ಗು ಅರಳಿಹೋಗುವ ಹೆದರಿಕೆಗೆ ಹೇಳಿದರು. ಒಬ್ಬ ತಾಯಿಗೆ ಮಗು ಸಿಗಲು ಇಷ್ಟು ನಾಟಕ ಬೇಕಾಯಿತಲ್ಲ ಎಂದು ನಾನು ಸಿಡಿದರೆ ಬಾಯಮ್ಮ, "ಯಾವ ಕಾರಣಕ್ಕಾದರೂ ಹೇಳಲಿ ಮಾರಾಯ್ತಿ, ಹೇಳಿದರಲ್ಲ" ಎಂದು ಚಾ ಸುರಿದರು.

ನೀಲಾ ಬಂದಳು. ಬಾಯಮ್ಮನನ್ನು ಬಂದ ಗಳಿಗೆಯಿಂದ ಅಜ್ಜಿ ಎಂದಳು, ತಾಯಿಯನ್ನು ಮಾತ್ರ 'ನೀವು' ಎನ್ನುತ್ತಿದ್ದಳು. ಅದು ರೇಣವ್ವನಿಗೆ ಜೈಲಿಗಿಂತ ಕಷ್ಟವಾಯಿತು. ಹಾಗೇ ಎಷ್ಟೋ ಕಾಲ... ಒಂದು ಸಂಜೆ ಸ್ನಾನದ ನೀರು ಸುಟ್ಟಾಗ ಬಚ್ಚಲಿನಿಂದ "ಅವ್ವಾ!" ಎಂದು ಕಿರುಚಿದಳು. ರೇಣವ್ವ ಕೈಯಲ್ಲಿದ್ದ ಹೂ ಬಿಸಾಡಿ ಓಡಿದ್ದನ್ನು ನಾನು ಕಂಡೆ. ಬಾಯಮ್ಮ ಬಿದ್ದ ಮೊಗ್ಗುಗಳನ್ನು ಒಂದೊಂದಾಗಿ ಹೆಕ್ಕುತ್ತ, ಮೂಗು ಒರೆಸಿಕೊಳ್ಳುತ್ತ, ಹಾಳು ನೆಗಡಿ ಎಂದರು.

ಆಮೇಲೆ ನಾನು ಕಾಪುವಿಗೆ ಬಂದೆ, ಇಲ್ಲಿ ಪೇಟೆಯಲ್ಲಿ ಅಂಗಡಿ ಸಿಕ್ಕಿತು. ನೀಲಾ ಬೆಳೆದು ಕಾಲೇಜಿಗೆ ಹೋಗತೊಡಗಿದಳು. ಬಾಯಮ್ಮ ಈ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಬಾಯಿಗೆ ಗಂಜಿ ಹಾಕಿದ್ದು ರೇಣವ್ವ, ಕೂದಲು ಬಾಚಿದ್ದು ನೀಲಾ. ಮನೆ ಗಲ್ಫಿನಲ್ಲಿರುವ ಅವರ ಅಣ್ಣನ ಮಗನ ಪಾಲಾಯಿತು. ಅವರು ಗೌರವದಿಂದಲೇ, ಮಾರಲಿಕ್ಕುಂಟು, ಬೇರೆ ಕಡೆ ನೋಡಿಕೊಳ್ಳಿ ಎಂದರು.

ಊರಿನವರು ನುಡಿನಮನ ಇಟ್ಟುಕೊಂಡರು. ಜಂಕ್ಷನ್ನಿನಲ್ಲಿ ಫ್ಲೆಕ್ಸ್, ಅದರಲ್ಲಿ ಬಾಯಮ್ಮನ ನಗುವ ಫೋಟೋ, ಕೆಳಗೆ 'ನೊಂದ ಮಹಿಳೆಯರ ಮಹಾತಾಯಿ'. ಹೋದೆ. ಒಬ್ಬೊಬ್ಬರಾಗಿ ಎದ್ದು ನಿಂತು ಹೊಗಳಿದರು; ಎದುರು ಮನೆಯ ಅಕ್ಕ ಕಣ್ಣೀರು ಹಾಕಿದರು. ಬದುಕಿದ್ದಾಗ ಆ ಹೆಂಗಸಿಗೆ ಇವರಲ್ಲಿ ಒಬ್ಬರೂ ಒಂದು ಸೇರು ಅಕ್ಕಿ ತಂದುಕೊಟ್ಟದ್ದು ನಾನು ನೋಡಲಿಲ್ಲ. ಕೊನೆಗೆ ಇನ್ಯಾರಾದರೂ ಎರಡು ಮಾತು ಹೇಳುತ್ತೀರಾ ಎಂದು ಕೇಳಿದರು. ಹಿಂದಿನ ಸಾಲಿನಿಂದ ರೇಣವ್ವ ಎದ್ದು ಹೋಗಿ ಮೈಕು ಹಿಡಿದಳು.

"ಎಲ್ಲಾರೂ ಚಲೋ ಮಾತಾಡಿದ್ರಿ. ನನಗೂ ನನ್ನ ಮಗಳಿಗೂ ಬಾಡಿಗಿಗೆ ಒಂದು ಕೋಣಿ ಬೇಕ್ರೀ. ಯಾರು ಕೊಡ್ತೀರಿ?"

ಕೆಲವರು ಮೊಬೈಲು ನೋಡಿಕೊಂಡರು, ಕೆಲವರು ಫೋಟೋ ನೋಡಿದರು. ಕಾರ್ಯಕ್ರಮ ನಡೆಸುವವರು ಮೆಲ್ಲನೆ ಮೈಕು ತೆಗೆದುಕೊಂಡು, ಹೊರಗೆ ಗೋಳಿಬಜೆ ಬಿಸಿ ಉಂಟು, ತೆಗೆದುಕೊಂಡು ಹೋಗಬೇಕಾಗಿ ವಿನಂತಿ ಎಂದರು.

ತಾಯಿ ಮಗಳು ಈಗ ಕಾಪುವಿನಲ್ಲಿ ನನ್ನ ಮನೆಯಲ್ಲಿದ್ದಾರೆ. ನನ್ನದೂ ಬಾಡಿಗೆ ಮನೆಯೇ. ಮಾಲೀಕರು ಕೆಳಗಿದ್ದಾರೆ, ಒಳ್ಳೆಯವರು, ನೆಂಟರು ಯಾವಾಗ ಹೋಗುತ್ತಾರೆ ಎಂದು ಎರಡು ಸಲ ನಗುತ್ತಲೇ ಕೇಳಿದ್ದರು. ಇವತ್ತು ಬೆಳಿಗ್ಗೆ ನಗಲಿಲ್ಲ. "ಆ ಹೆಂಗಸು ಜೈಲಿನಲ್ಲಿದ್ದವಳಂತೆ, ಹೌದಾ?" ಎಂದರು. ಇಂಥ ಹೊತ್ತಿನಲ್ಲಿ ಬಾಯಮ್ಮ ಬೇಕಿತ್ತು. ಅವರ ನಾಲಿಗೆ ನನಗೆಲ್ಲಿ ಬರಬೇಕು. ಆದರೆ ಅವರಿಲ್ಲ, ಇನ್ನು ನಾನೇ ಹೇಳಬೇಕು.

"ಹೌದು, ಇದ್ದಳು. ಕೋರ್ಟು ಅವಳನ್ನು ಬಿಟ್ಟು ಎಷ್ಟೋ ವರ್ಷ ಆಯಿತು. ನೀವು ಯಾವಾಗ ಬಿಡುವುದು?"