ಟೆಂಪೋದವನ ನೌಕರಿ ವಿಮೆ

“ನೌಕರಿ ಹೋದ್ರ ವಿಮಾದವ್ರು ಕಂತು ತುಂಬ್ತಾರಂತ. ನನಗ ಯಾವ ನೌಕರಿ ಐತ್ರಿ? ಟೆಂಪೋ ಹೊಡಿತೇನಿ!” ಎಂದು ಇಂಡಿ ಪಟ್ಟಣದ ಸಾಲದ ಕಚೇರಿಯಲ್ಲಿ ಕಾಗದವನ್ನು ಮೇಜಿಗೆ ಬಡಿದೆ.

ವಿಮೆ ಮಾಡಿಸದಿದ್ದರೆ ಟೆಂಪೋಕ್ಕೆ ಸಾಲವೇ ಸಿಗುವುದಿಲ್ಲ ಎಂದು ಹೇಳಿ ಹನ್ನೊಂದು ಸಾವಿರ ಮುರಿದುಕೊಂಡಿದ್ದರು. ಕಾಲು ಮುರಿದು ಎರಡು ತಿಂಗಳು ನಮ್ಮೂರು ತಾಂಬಾದ ಮನೆಯಲ್ಲಿ ಬಿದ್ದಿದ್ದಾಗ ಆ ವಿಮೆ ಒಂದು ಕಂತನ್ನೂ ಕಟ್ಟಲಿಲ್ಲ. ಅದು ಸಂಬಳದವರಿಗೆ ಮಾತ್ರವಂತೆ.

ನನಗೆ ವಿಮೆ ಮಾರಿದ ಕಚೇರಿಯ ಅಕ್ಕನೇ ಎದುರಿಗೆ ಕೂತಿದ್ದಳು. ವಾದ ಮಾಡಲಿಲ್ಲ. “ದೂರು ಬರಕೊಡ್ರಿ, ರೊಕ್ಕ ಹೊಳ್ಳಿ ಬರ್ತೈತಿ” ಎಂದಳು. ನನಗೆ ಸರಿಯಾಗಿ ಬರೆಯಲು ಬರುವುದಿಲ್ಲ ಎಂದೆ. ಅವಳೇ ಹಾಳೆ ತೆಗೆದು ಬರೆದು, ಓದಿ ಹೇಳಿದಳು. ಸುಳ್ಳು ಹೇಳಿ ವಿಮೆ ಮಾರಿದವರು ಯಾರು ಎಂಬಲ್ಲಿ ತನ್ನದೇ ಹೆಸರು ಹಾಕಿದ್ದಳು.

ನನ್ನ ಸಿಟ್ಟು ಇಳಿದುಹೋಯಿತು. “ಅಕ್ಕಾರ, ನಿಮ್ಮ ನೌಕರಿ ಹೋದ್ರ?”

“ನನಗೂ ಆ ವಿಮಾ ಇಲ್ರಿ. ನೀವು ಸಹಿ ಮಾಡ್ರಿ” ಎಂದು ನಕ್ಕಳು. ಮಾಡಿದೆ.

ಮುಂದಿನ ತಿಂಗಳು ರೊಕ್ಕ ವಾಪಸ್ ಬಂತು. ಅವಳಿಗೆ ಹೇಳಿ ಬರೋಣವೆಂದು ಹೋದೆ. ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು; ಅವಳನ್ನು ಕೆಲಸದಿಂದ ತೆಗೆದರಂತೆ. ಅಕ್ಷರ ಅವಳದ್ದಾದರೂ ದೂರಿನ ಕೆಳಗಿನ ಸಹಿ ನನ್ನದು.